ಪಾಟೀಲರು ಮಿಲ್ಲರ್ ಮನೆತನ ವಿಚಾರಿಸಿದ್ದು

ಮಗಳು ತಾನೇ ಹುಡುಕಿಕೊಂಡ ಹುಡುಗನಿಗೆ ಒಂದೇ ಮಾತಿನಲ್ಲಿ ಒಪ್ಪಿಗೆ ಕೊಟ್ಟ ತಂದೆ ಅಮೆರಿಕದ ಇಡೀ ಯೂನಿಯನ್ ಸಿಟಿಯಲ್ಲಿ ತಾನೊಬ್ಬನೇ ಎಂದು ವಿರುಪಾಕ್ಷಪ್ಪ ಪಾಟೀಲರು ನಂಬಿದ್ದರು. ನಂಬಿ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗ್ರೋಸರಿ ಅಂಗಡಿಯಲ್ಲಿ ಮೆಂತ್ಯೆ ಸೊಪ್ಪು ಆರಿಸುತ್ತಿದ್ದವರನ್ನೂ ನಿಲ್ಲಿಸಿ, ತಾನು ಜಾತಿ ಕೇಳಲಿಲ್ಲ, ದೇಶ ಕೇಳಲಿಲ್ಲ, ಹುಡುಗ ಒಳ್ಳೆಯವನೇನವ್ವಾ ಅಂದೆ, ಹೌದಂದಳು, ಅಲ್ಲಿಗೆ ಮುಗಿಯಿತು ಎಂದು ಹೇಳಿಕೊಂಡು ಬಂದರು. ಕೇಳಿದವರು, ಪಾಪ, ಸೊಪ್ಪಿನ ಕಟ್ಟು ಹಿಡಿದುಕೊಂಡೇ ಹೌದು ಹೌದು ಎಂದು ತಲೆಯಾಡಿಸಿದರು.

ಹುಡುಗನ ಹೆಸರು ನೇಥನ್ ಮಿಲ್ಲರ್. ಬರ್ಕ್ಲಿಯಲ್ಲಿ ಮಗಳು ಸ್ನೇಹಲ್ ಜೊತೆ ಓದಿದವನು. ತಂದೆ ರಾಬರ್ಟ್ ಸರಟೋಗಾದಲ್ಲಿ ನಿವೃತ್ತ ಶಾಲಾ ಮಾಸ್ತರು, ತಾಯಿ ಕ್ಯಾರಲ್ ಹಣ್ಣಿನ ಗಿಡಗಳನ್ನು ನೋಡಿಕೊಂಡು ಇದ್ದವರು. ನೇಥನ್ ಎರಡು ಸಲ ಪಾಟೀಲರ ಮನೆಗೆ ಬಂದಿದ್ದ. ಎರಡೂ ಸಲ ಪಾಟೀಲರೇ ಮಾತಾಡಿದ್ದರು.

ಒಪ್ಪಿಗೆ ಕೊಟ್ಟ ಮೇಲೆ ಪಾಟೀಲರಿಗೆ ಮಾಡಲು ಏನೂ ಉಳಿಯಲಿಲ್ಲ. ಹಾಲ್ ಗೊತ್ತುಮಾಡಿದ್ದು ಸ್ನೇಹಲ್, ಊಟದವರಿಗೆ ಹೇಳಿದ್ದು ಸ್ನೇಹಲ್, ಅಯ್ಯನವರನ್ನು ವಿಡಿಯೋದಲ್ಲಿ ಮಾತಾಡಿಸಿ ಮುಹೂರ್ತ ಇಡಿಸಿದ್ದೂ ಅವಳೇ. ಆಗ ತಾನೇ ಕೆಲಸದಿಂದ ನಿವೃತ್ತರಾಗಿದ್ದ ಮನುಷ್ಯ, ಹೆಣ್ಣಿನ ತಂದೆ ಎಂಬ ದೊಡ್ಡ ಹುದ್ದೆ ಸಿಕ್ಕರೂ ಚಾರ್ಜು ಸಿಗದೆ ಸೋಫಾದಿಂದ ಕುರ್ಚಿಗೆ, ಕುರ್ಚಿಯಿಂದ ಸೋಫಾಕ್ಕೆ ಅಡ್ಡಾಡತೊಡಗಿದರು. ಹೆಂಡತಿ ವಿಜಯಶ್ರೀಗೆ ಕಸ ಹೊಡೆಯಲು ಜಾಗವಿಲ್ಲದಂತಾಯಿತು.

ಇಂಥ ಹೊತ್ತಿನಲ್ಲಿ ಅವರ ತಾಯಿ ಅಂಬವ್ವ ಜಪಮಣಿ ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಕೇಳಿದಳು. "ಎಲ್ಲಾ ಖರೆ ಇರುಪಾಕ್ಷಿ. ಹುಡುಗನ ಮನೆತನಾ ವಿಚಾರಿಸೀ ಏನ?"

ಗದಗಿನ ಕಡೆ ಮನೆತನ ವಿಚಾರಿಸುವುದೆಂದರೆ ಅದೊಂದು ವಿದ್ಯೆ. ಹೆಣ್ಣಿನ ಕಡೆಯ ಹಿರಿಯನೊಬ್ಬ ಹುಡುಗನ ಊರಿನ ಬಸ್‌ ಸ್ಟ್ಯಾಂಡಿನಲ್ಲಿ ಇಳಿಯುತ್ತಾನೆ. ಹುಡುಗನ ಮನೆಗೆ ಹೋಗುವುದಿಲ್ಲ, ಎದುರಿನ ಕಿರಾಣಿ ಅಂಗಡಿಗೆ ಹೋಗುತ್ತಾನೆ. ಎರಡು ಎಲೆ, ಒಂದಿಷ್ಟು ಅಡಿಕೆ ಕೇಳಿ, ಸುಮ್ಮನೆ ಎಂಬಂತೆ ಆ ಮನೆಯ ಹೆಸರು ತೆಗೆಯುತ್ತಾನೆ. ಎಲೆ ಅಗಿದು ಮುಗಿಯುವುದರೊಳಗೆ ಯಾರು ಕುಡಿಯುತ್ತಾರೆ, ಅಣ್ಣತಮ್ಮಂದಿರು ಹೊಲಕ್ಕಾಗಿ ಕೋರ್ಟಿಗೆ ಹೋಗಿದ್ದಾರೋ ಇಲ್ಲವೋ, ಅತ್ತೆ ಸೊಸೆಗೆ ಹೊಟ್ಟೆ ತುಂಬ ಹಾಕುತ್ತಾಳೋ ಇಲ್ಲವೋ, ಎಲ್ಲವೂ ಗೊತ್ತಾಗುತ್ತದೆ. ಪಾಟೀಲರ ಎದೆ ಉಬ್ಬಿತು. ಕೊನೆಗೂ ಒಂದು ಕೆಲಸ ಸಿಕ್ಕಿತ್ತು.

ಮರುದಿನವೇ ಸರಟೋಗಾಕ್ಕೆ ಹೋದರು. ಮಿಲ್ಲರ್ ಮನೆಯ ಎದುರು ಕಾರು ನಿಲ್ಲಿಸಿ ಸುತ್ತ ನೋಡಿದರೆ ಕಿರಾಣಿ ಅಂಗಡಿ ಇಲ್ಲ, ಬಸ್‌ ಸ್ಟ್ಯಾಂಡ್ ಇಲ್ಲ, ರಸ್ತೆಯ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಬೆಳಗಿನಿಂದ ಮಧ್ಯಾಹ್ನದ ತನಕ ಕಾರಿನಲ್ಲೇ ಕೂತರು. ಕೊನೆಗೆ ನಾಯಿ ಹಿಡಿದುಕೊಂಡು ಒಬ್ಬ ಹೆಂಗಸು ಬಂದಳು. ಪಾಟೀಲರು ಗಾಜು ಇಳಿಸಿ, ಈ ಮನೆಯ ಯಜಮಾನರು ಕುಡಿಯುತ್ತಾರೆಯೇ, ಆಸ್ತಿಯ ಜಗಳವೇನಾದರೂ ಇದೆಯೇ, ಸಾಯಂಕಾಲ ಮನೆಗೆ ಯಾರು ಯಾರು ಬರುತ್ತಾರೆ ಎಂದು ವಿನಯದಿಂದ ಕೇಳಿದರು. ಆಕೆ ಅವರ ಕಾರಿನ ನಂಬರಿನ ಫೋಟೋ ತೆಗೆದುಕೊಂಡು ನಾಯಿಯನ್ನು ಎಳೆದುಕೊಂಡು ಹೋದಳು.

ಸ್ವಲ್ಪ ಹೊತ್ತಿಗೆ ಪೊಲೀಸ್ ಅಧಿಕಾರಿಯೊಬ್ಬ ಬಂದು ಗಾಜು ತಟ್ಟಿದ. ಬಹಳ ಮರ್ಯಾದೆಯ ಮನುಷ್ಯ. ಇಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿದ. ಈ ಕುಟುಂಬದ ಬಗ್ಗೆ ವಿಚಾರಣೆ ನಡೆಸುತ್ತಿದ್ದೇನೆ ಎಂದರು ಪಾಟೀಲರು.

"ಯಾವ ಇಲಾಖೆಯ ಕಡೆಯಿಂದ, ಸರ್?"

"ಹೆಣ್ಣಿನ ಕಡೆಯಿಂದ."

ಇಂಥದೊಂದು ಇಲಾಖೆ ಅಧಿಕಾರಿಯ ತರಬೇತಿಯಲ್ಲಿ ಬಂದಿರಲಿಲ್ಲ. ಕೊನೆಗೆ ಹೋಗಿ ಮಿಲ್ಲರ್ ಮನೆಯ ಬೆಲ್ಲು ಒತ್ತಿದ. ರಾಬರ್ಟ್ ಮನೆಯ ಚಪ್ಪಲಿಯಲ್ಲೇ ಹೊರಗೆ ಬಂದು, ಕಾರಿನೊಳಗೆ ಬಗ್ಗಿ ನೋಡಿ, ಇವರು ನನ್ನ ಬೀಗರಾಗುವವರು ಎಂದು ಗುರುತು ಹೇಳಿದರು. ಒಳಗೆ ಕರೆದುಕೊಂಡು ಹೋಗಿ ನಿಂಬೆ ಶರಬತ್ತು ಕೊಟ್ಟರು. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಕೇಳದೆ ಇದ್ದುದೇ ಪಾಟೀಲರಿಗೆ ಹೆಚ್ಚು ಸುಟ್ಟಿತು.

ಸುದ್ದಿ ಪಾಟೀಲರಿಗಿಂತ ಮೊದಲೇ ಫ್ರೀವೇ ಹತ್ತಿ ಮನೆ ತಲುಪಿತ್ತು. ಸ್ನೇಹಲ್ ಬಾಗಿಲಲ್ಲೇ ನಿಂತಿದ್ದಳು. ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ಅಪ್ಪಾ, ಐ ಆಮ್ ಸೀರಿಯಸ್. ಇನ್ನೊಂದ್ ಸಲ ನೇಥನ್ ಫ್ಯಾಮಿಲಿ ಬಗ್ಗೆ ಯಾರನ್ನಾದ್ರೂ ಏನಾದ್ರೂ ಕೇಳಿದ್ರೆ, ನಾವಿಬ್ರೂ ಸಿಟಿ ಹಾಲ್‌ಗೆ ಹೋಗಿ ಮದುವೆ ರಿಜಿಸ್ಟರ್ ಸೈನ್ ಮಾಡ್ತೀವಿ. ನಿಮಗ ಫೋಟೋ ಕಳಿಸ್ತೀನಿ."

ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಅವಳ ತಲೆಯ ಮೇಲೆ ಅಕ್ಕಿಕಾಳು ಹಾಕುವ ಆ ಒಂದು ಗಳಿಗೆಯನ್ನು ಪಾಟೀಲರು ಮನಸ್ಸಿನಲ್ಲೇ ನೋಡುತ್ತ ಬಂದಿದ್ದರು. ಅದನ್ನು ಫೋನಿನ ಫೋಟೋದಲ್ಲಿ ನೋಡುವುದೇ? ಇನ್ನು ಯಾರನ್ನೂ ಕೇಳುವುದಿಲ್ಲ ಎಂದು ಜಪಮಣಿ ಮುಟ್ಟಿ ಆಣೆ ಮಾಡಿದರು.

ಆಣೆಯನ್ನು ಅವರು ಮುರಿಯಲಿಲ್ಲ. ಅದಕ್ಕೆ ಅರ್ಥ ಹಚ್ಚಿದರು, ಅಷ್ಟೇ. ಈ ಅರ್ಥ ಹಚ್ಚುವುದರಲ್ಲಿ ಸಹಾಯ ಮಾಡಿದವನು ಪಕ್ಕದ ಮನೆಯ ಮಧುಕರ್, ಹಾಸನದ ಕಡೆಯ ಸಾಫ್ಟ್‌ವೇರ್ ಇಂಜಿನಿಯರು. ಬೇರೆಯವರ ಮನೆಯ ತೊಂದರೆಗೆ ಅವನಲ್ಲಿ ಯಾವಾಗಲೂ ಬಿಡುವಿರುತ್ತಿತ್ತು. ಬದುಕಿರುವವರನ್ನು ಕೇಳಿದರೆ ತಾನೇ ತಪ್ಪು, ಸತ್ತವರನ್ನು ಕೇಳಿದರೆ ಯಾರು ಪೊಲೀಸಿಗೆ ಫೋನ್ ಮಾಡುತ್ತಾರೆ ಎಂದು ಅವನು ತರ್ಕ ಮುಂದಿಟ್ಟ. ಅಮೆರಿಕದವರ ವಂಶಾವಳಿಯೆಲ್ಲ ಒಂದು ವೆಬ್‌ಸೈಟಿನಲ್ಲಿದೆ, ಹಡಗು ಇಳಿದ ದಿನದಿಂದ ಹಿಡಿದು ಸಿಗುತ್ತದೆ, ಮೊದಲ ಎರಡು ವಾರ ಪುಕ್ಕಟೆ ಎಂದ. ಪುಕ್ಕಟೆ ಎಂಬ ಮಾತು ಬಂದ ಮೇಲೆ ಪಾಟೀಲರು ಹಿಂದೆಮುಂದೆ ನೋಡಲಿಲ್ಲ.

ರಾಬರ್ಟ್ ಮಿಲ್ಲರ್. ಅವರ ತಂದೆ ಜಾರ್ಜ್ ಮಿಲ್ಲರ್, ಒಹಾಯೋದವರು. ಇಷ್ಟು ಸ್ನೇಹಲ್ ಹಿಂದೆ ಯಾವಾಗಲೋ ಹೇಳಿದ್ದು ನೆನಪಿತ್ತು. ಒಹಾಯೋದ ಜಾರ್ಜ್ ಮಿಲ್ಲರ್ ಎಂದು ಹಾಕಿದರೆ ಪರದೆಯ ತುಂಬ ಜಾರ್ಜ್ ಮಿಲ್ಲರ್‌ಗಳು ಸಂತೆಗೆ ಬಂದವರ ಹಾಗೆ ನಿಂತರು. ಪಾಟೀಲರು ಕನ್ನಡಕ ಒರೆಸಿಕೊಂಡು, ಮುಖದಲ್ಲಿ ರಾಬರ್ಟ್ ಹೋಲಿಕೆ ಇದ್ದ ಒಬ್ಬನನ್ನು ಆರಿಸಿದರು. ಆ ಮೇಲೆ ಕಷ್ಟವೇ ಇರಲಿಲ್ಲ. ಜಾರ್ಜನ ಹಿಂದೆ ಸ್ಯಾಮ್ಯುಯೆಲ್, ಅವನ ಹಿಂದೆ ಹೆನ್ರಿ, ಹೆನ್ರಿಯ ಹಿಂದೆ ಇನ್ನೊಬ್ಬ ಜಾರ್ಜ್. ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ವಂಶವೃಕ್ಷಗಳಿದ್ದವು. ಒತ್ತಿದರೆ ಒಬ್ಬ ಅಜ್ಜ ಬಂದು ಬೀಳುತ್ತಿದ್ದ. ಹೀಗೆ ಒತ್ತುತ್ತ ಒತ್ತುತ್ತ ಅಮೆರಿಕಕ್ಕೆ ಸ್ವಾತಂತ್ರ್ಯ ಬರುವುದಕ್ಕೂ ಹಿಂದಿನ ವರ್ಜೀನಿಯಾ ಮುಟ್ಟಿದರು. ಅಲ್ಲಿ ಜೇಕಬ್ ಮಿಲ್ಲರ್ ಎಂಬುವನೊಬ್ಬ ಕುದುರೆ ಕದ್ದು ನೇಣಿಗೇರಿದ್ದ.

ಪಾಟೀಲರು ಓಡಿಹೋಗಿ ಅಂಬವ್ವನಿಗೆ ಹೇಳಿದರು. ಅವಳು ಶಾಂತವಾಗಿ ಕೇಳಿದಳು.

"ಒಂದ ಕುದುರಿಯೋ, ಹೆಚ್ಚೋ?"

ಒಂದೇ ಎಂದು ತಿಳಿದ ಮೇಲೆ ಅವಳಿಗೆ ಆಸಕ್ತಿ ಉಳಿಯಲಿಲ್ಲ. ಆದರೆ ಮಧುಕರ್‌ಗೆ ಉಳಿಯಿತು. ತನ್ನ ಮ್ಯಾನೇಜರ್ ಕೂಡ ಒಬ್ಬ ಮಿಲ್ಲರ್, ತಾನು ಮಾಡಿದ ಪ್ರಾಜೆಕ್ಟನ್ನು ಆ ಮನುಷ್ಯ ಮೀಟಿಂಗಿನಲ್ಲಿ ತನ್ನದೆಂದು ತೋರಿಸಿಕೊಂಡ, ಕದಿಯುವುದು ಅವರ ರಕ್ತದಲ್ಲೇ ಇದೆ ಸಾರ್ ಎಂದ. ಪಾಟೀಲರಿಗೆ ಕಣ್ಣು ತೆರೆದಂತಾಯಿತು. ವರ್ಷದ ಹಿಂದೆ ನಲ್ಲಿ ರಿಪೇರಿಗೆ ಬಂದು ಇನ್ನೂ ಹೆಚ್ಚು ಸೋರುವಂತೆ ಮಾಡಿ ಹೋದವನೂ ಮಿಲ್ಲರನೇ. ಇವರ ಕಾರಿಗೆ ಹಿಂದಿನಿಂದ ಗುದ್ದಿ ತಪ್ಪು ನಿಮ್ಮದೇ ಎಂದು ವಾದಿಸಿದವಳೂ ಮಿಲ್ಲರಳೇ. ಎಲ್ಲರೂ ಒಂದೇ ಮನೆತನದವರು, ಅಣ್ಣತಮ್ಮಂದಿರ ಪೈಕಿ. ಪಾಟೀಲರು ಎಲ್ಲರನ್ನೂ ಜೇಕಬನ ಕೆಳಗೆ ಸಾಲಾಗಿ ಕೂಡಿಸಿದರು. ಬೇ ಏರಿಯಾದಲ್ಲಿ ತನಗಾದ ಅರ್ಧ ಅನ್ಯಾಯ ಒಂದೇ ಮರದಲ್ಲಿ ಕಾಯಿಬಿಟ್ಟಿದ್ದನ್ನು ಕಂಡು ಅವರಿಗೆ ಸಂಕಟವೂ ಆಯಿತು, ಒಂದು ಬಗೆಯ ಸಮಾಧಾನವೂ ಆಯಿತು.

ಆ ವೆಬ್‌ಸೈಟಿನಲ್ಲಿ ಚರ್ಚೆಗೊಂದು ಜಾಗವಿತ್ತು. ಪಾಟೀಲರು ಅಲ್ಲಿ ತಮ್ಮ ವೃಕ್ಷವನ್ನು ಹಾಕಿ, ಮಿಲ್ಲರ್ ಕುಲದ ಮೂಲಪುರುಷ ಕುದುರೆ ಕಳ್ಳನೆಂದು ಸಾಧಿಸಿದ್ದೇನೆ, ಆಕ್ಷೇಪಣೆ ಇದ್ದವರು ತಿಳಿಸಬಹುದು ಎಂದು ಬರೆದರು. ಆಕ್ಷೇಪಣೆ ಇದ್ದವರು ಇದ್ದರು. ಡಿ. ಮಿಲ್ಲರ್ ಎಂಬ ಒಬ್ಬರು, ಆ ಜೇಕಬ್ ಮದುವೆಯಾಗದೆ, ಮಕ್ಕಳಿಲ್ಲದೆ ಸತ್ತವನು, ಅವನಿಂದ ಯಾವ ವಂಶವೂ ಬೆಳೆದಿಲ್ಲ, ನಿಮ್ಮ ಮರಕ್ಕೆ ಬೇರೇ ಇಲ್ಲ ಎಂದು ಬರೆದರು. ಕಳ್ಳನನ್ನು ಮುಚ್ಚಿಡುವುದು ಮನೆಯವರ ಸ್ವಭಾವ ಎಂದು ಪಾಟೀಲರು ಬರೆದರು. ದಾಖಲೆ ಓದಲು ಕಲಿಯಿರಿ ಎಂದು ಡಿ. ಮಿಲ್ಲರ್ ಬರೆದರು. ದಾಖಲೆ ಓದಿಯೇ ನನ್ನ ತಲೆ ಬೆಳ್ಳಗಾಗಿದೆ ಎಂದು ಪಾಟೀಲರು ಬರೆದರು. ಇಬ್ಬರೂ ಒಬ್ಬರಿಗೊಬ್ಬರು ಸೋಲುವವರಲ್ಲ. ವಾರವಿಡೀ ವಿಜಯಶ್ರೀ ಊಟಕ್ಕೆ ಕರೆದರೆ, "ತಡಿ, ಆ ಮುದಿಯಾಗ ಇನ್ನೊಂದ ಉತ್ತರಾ ಕೊಟ್ಟ ಬರ್ತೇನಿ," ಎನ್ನುತ್ತಿದ್ದರು.

ಕಡೆಗೆ ಪಾಟೀಲರ ಸಹನೆ ಮುಗಿಯಿತು. ಇದು ನನಗೆ ಹೊತ್ತು ಕಳೆಯುವ ಆಟವಲ್ಲ, ಸರಟೋಗಾದ ರಾಬರ್ಟ್ ಮಿಲ್ಲರ್ ಎಂಬುವರ ಮಗನಿಗೆ ನನ್ನ ಒಬ್ಬಳೇ ಮಗಳನ್ನು ಕೊಡುತ್ತಿದ್ದೇನೆ, ತಂದೆಯ ಹೊಟ್ಟೆಯ ಉರಿ ನಿಮಗೇನು ಗೊತ್ತು ಎಂದು ಬರೆದರು.

ಆ ಕಡೆಯಿಂದ ಒಂದು ದಿನ ಪೂರ್ತಿ ಸದ್ದಿಲ್ಲ. ಗೆದ್ದೆ ಎಂದುಕೊಂಡು ಪಾಟೀಲರು ಎರಡು ಹೋಳಿಗೆ ಹೆಚ್ಚು ತಿಂದರು. ಮರುದಿನ ಉತ್ತರ ಬಂತು: "ರಾಬರ್ಟ್ ನನ್ನ ತಮ್ಮ. ಭಾನುವಾರ ನಿಮ್ಮ ಮನೆಗೆ ಊಟಕ್ಕೆ ಬರಬಹುದೇ? ಡೊರೊತಿ ಮಿಲ್ಲರ್."

ಮಿಲ್ಲರ್ ಮನೆಯಿಂದ ಸುದ್ದಿ ತಿಳಿದ ಸ್ನೇಹಲ್ ಈ ಸಲ ಬಾಗಿಲಲ್ಲೂ ನಿಲ್ಲಲಿಲ್ಲ. ತಾನಿದ್ದ ಬರ್ಕ್ಲಿಯಿಂದ ಒಂದೇ ಸಾಲಿನ ಮೆಸೇಜು ಕಳಿಸಿದಳು: ಸಿಟಿ ಹಾಲ್‌ನಲ್ಲಿ ಬರುವ ವಾರದ ಶುಕ್ರವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ, ಈ ಭಾನುವಾರದ ಊಟಕ್ಕೆ ಮಾತ್ರ ಬರುತ್ತೇನೆ. ಪಾಟೀಲರು ಅದನ್ನು ಓದಿ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟರು. ವಿಜಯಶ್ರೀ ರೊಟ್ಟಿಯ ಹಿಟ್ಟು ನಾದುತ್ತ, "ಅಲ್ರೀ, ಒಬ್ಬಾಕಿ ಮಗಳು. ಒಂದ ಮದುವಿ. ನಿಮಗ ಸುಮ್ಮ ಕುಂದರೂದಷ್ಟ ಕೆಲಸಾ ಕೊಟ್ಟಿದ್ವಿ. ಅದೂ ಆಗಲಿಲ್ಲ ನಿಮ್ಮ ಕಡಿಂದ," ಎಂದಳು. ಆಕೆಯ ಕಣ್ಣಲ್ಲಿ ನೀರಿತ್ತು.

ಭಾನುವಾರ ರಾಬರ್ಟ್, ಕ್ಯಾರಲ್, ನೇಥನ್ ಬಂದರು. ಅವರ ಹಿಂದೆ ಡೊರೊತಿ ಬಂದಳು. ಪಾಟೀಲರು ವಾರವಿಡೀ ಮುದಿಯ ಎಂದು ಬೈದದ್ದು ಒಬ್ಬ ಸಣಕಲು ಮುದುಕಿಗೆ. ಆಕೆ ಲ್ಯಾಪ್‌ಟಾಪನ್ನು ಮೊಮ್ಮಗುವಿನಂತೆ ಎತ್ತಿಕೊಂಡಿದ್ದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದ್ದಾಯಿತು. ಚಟ್ನಿಯ ಖಾರಕ್ಕೆ ರಾಬರ್ಟ್ ಕಿವಿ ಕೆಂಪಾದವು, ಆದರೂ ಮಾಸ್ತರು ಮತ್ತೆ ಹಾಕಿಸಿಕೊಂಡರು. ಸ್ನೇಹಲ್ ಅಪ್ಪನ ಕಡೆ ನೋಡಲಿಲ್ಲ.

ಊಟದ ನಡುವೆಯೇ ಡೊರೊತಿ ಪಾಠ ಶುರುಮಾಡಿದಳು. ಹಳೆಯ ಕಾಲದಲ್ಲಿ ಊರಿಗೊಂದು ಹಿಟ್ಟಿನ ಗಿರಣಿ, ಗಿರಣಿ ನಡೆಸಿದವನೆಲ್ಲ ಮಿಲ್ಲರ್. ಇಂಗ್ಲೆಂಡಿನಿಂದ ಬಂದ ಮಿಲ್ಲರ್‌ಗಳೇ ಬೇರೆ, ಸ್ಕಾಟ್‌ಲೆಂಡಿನವರು ಬೇರೆ. ಜರ್ಮನಿಯಿಂದ ಪೆನ್ಸಿಲ್ವೇನಿಯಾಕ್ಕೆ ಬಂದ ಮುಲ್ಲರ್‌ಗಳೂ ಇಲ್ಲಿ ಮಿಲ್ಲರ್ ಆದರು, ತಮ್ಮವರು ಆ ಪೈಕಿ. ಒಬ್ಬರಿಗೂ ಇನ್ನೊಬ್ಬರಿಗೂ ಯಾವ ರಕ್ತಸಂಬಂಧವೂ ಇಲ್ಲ ಎಂದಳು. ಪಾಟೀಲರು ಸುಮ್ಮನೆ ಹೂಂ ಎನ್ನಬಹುದಿತ್ತು. ಶುಕ್ರವಾರ ತಲೆಯ ಮೇಲೆ ತೂಗುತ್ತಿತ್ತು. ಆದರೆ ವಾರದಿಂದ ವಾದ ಮಾಡಿ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ಅಡ್ಡಹೆಸರು ಒಂದೇ ಇದ್ದ ಮೇಲೆ ಮೂಲದಲ್ಲಿ ಎಲ್ಲೋ ಒಂದು ಕಡೆ ಒಂದಾಗಲೇಬೇಕು, ಇದು ಸಾಮಾನ್ಯ ಜ್ಞಾನ ಎಂದರು.

ಡೊರೊತಿ ರೊಟ್ಟಿ ಮುರಿಯುತ್ತ ಹೇಳಿದಳು. ತನ್ನ ಕಣ್ಣಿನ ಆಪರೇಶನ್ ಮಾಡಿದವರು ಒಬ್ಬ ಡಾಕ್ಟರ್ ಪಾಟೀಲ್. ರಾಬರ್ಟ್ ಪಕ್ಕದ ಮನೆಯನ್ನು ಮಾರಿಸಿಕೊಟ್ಟವನು ಒಬ್ಬ ಪಾಟೀಲ್. ಹೋದ ತಿಂಗಳು ಸುಳ್ಳು ವೀಸಾ ಕಾಗದ ಮಾಡಿಕೊಟ್ಟು ಸಿಕ್ಕಿಬಿದ್ದವನೂ ಒಬ್ಬ ಪಾಟೀಲ್. "ಇವರಲ್ಲಿ ನಿಮ್ಮ ಅಣ್ಣ ಯಾರು, ತಮ್ಮ ಯಾರು?"

ಪಾಟೀಲರಿಗೆ ಎಲ್ಲಿತ್ತೋ ಸಿಟ್ಟು. ಎಡಗೈಯಿಂದ ಮೇಜು ಗುದ್ದಿದರು. ಏನು ಮಾತಾಡುತ್ತೀರಿ, ನಮ್ಮ ಕಡೆ ಊರಿಗೊಬ್ಬ ಪಾಟೀಲ ಇರುತ್ತಾನೆ, ಊರಗೌಡಿಕೆ ಮಾಡಿದವರೆಲ್ಲ ಪಾಟೀಲರೇ, ಮಹಾರಾಷ್ಟ್ರದಲ್ಲೂ ಪಾಟೀಲರಿದ್ದಾರೆ, ಜೈನರಲ್ಲೂ ಇದ್ದಾರೆ, ಮುಸಲ್ಮಾನರಲ್ಲೂ ಇದ್ದಾರೆ, ಯಾವನೋ ಕಳ್ಳ ಪಾಟೀಲನಿಗೂ ನನಗೂ ಏನು ಸಂಬಂಧ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

ವಿಜಯಶ್ರೀ ಎಣ್ಣೆಗಾಯಿಯ ಸೌಟು ಹಿಡಿದುಕೊಂಡೇ ಗಂಡನ ಮುಖ ನೋಡಿದಳು.

"ಇನ್ನೊಮ್ಮೆ ಹೇಳ್ರಿ," ಎಂದಳು. "ಸಾವಕಾಶ ಹೇಳ್ರಿ. ನೀವೂ ಕೇಳಿಸ್ಕೋರಿ."

ಪಾಟೀಲರಿಗೆ ತಾವು ಈಗಷ್ಟೇ ಆಡಿದ್ದು ತಮಗೇ ಕೇಳಿಸಿತು. ಜೇಕಬನ ಕೆಳಗೆ ತಾವು ಕೂಡಿಸಿದ ನಲ್ಲಿಯವನು, ಕಾರಿನವಳು, ಮಧುಕರನ ಮ್ಯಾನೇಜರು, ಎಲ್ಲರೂ ಎದ್ದು ತಮ್ಮ ತಮ್ಮ ದಾರಿ ಹಿಡಿದು ಹೋದಂತಾಯಿತು. ಆದರೂ ಸೋತೆ ಎನ್ನಲು ನಾಲಿಗೆ ಏಳಲಿಲ್ಲ. ಇರಲಿ, ಹಾಗಾದರೆ ಪೆನ್ಸಿಲ್ವೇನಿಯಾದ ಮಿಲ್ಲರ್‌ಗಳ ರಕ್ತವೇ ಈ ಹುಡುಗನದು ಎಂದಾಯಿತಲ್ಲ, ಅದನ್ನಾದರೂ ಬರೆದುಕೊಳ್ಳುತ್ತೇನೆ ಎಂದು ಗೊಣಗಿದರು.

ಆಗ ನೇಥನ್ ಮೊದಲ ಸಲ ಬಾಯಿಬಿಟ್ಟ. ಬಹಳ ಮೆತ್ತಗಿನ ದನಿ ಅವನದು.

"ಅಂಕಲ್, ಅದೂ ಅಲ್ಲ. ನಾನು ಇವರಿಗೆ ದತ್ತು ಬಂದವನು. ಎರಡು ತಿಂಗಳ ಮಗುವಾಗಿದ್ದಾಗ ತಂದರು. ನನ್ನ ರಕ್ತ ಯಾರದೆಂದು ನನಗೂ ಗೊತ್ತಿಲ್ಲ. ನೀವು ನನ್ನನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ."

ಕ್ಯಾರಲ್ ಮಗನ ಬೆನ್ನ ಮೇಲೆ ಕೈಯಿಟ್ಟಳು. ಪಾಟೀಲರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂಬವ್ವ ಏನಂತ, ಏನಂತ ಎಂದು ಕೇಳಿ, ಸ್ನೇಹಲ್ ಕಿವಿಯಲ್ಲಿ ಹೇಳಿದ ಮೇಲೆ, ಇದರಲ್ಲಿ ಅಂಥದ್ದೇನಿದೆ ಎಂಬಂತೆ ಕೈ ತಿರುವಿದಳು.

"ದತ್ತಕ ಏನ? ಅದಕ್ಕ ಯಾಕ ಹಿಂಗ ಮಾರಿ ಮಾಡೀ ಇರುಪಾಕ್ಷಿ? ನಿಮ್ಮ ಮುತ್ತ್ಯಾನೂ ದತ್ತಕ ಬಂದಾಂವನ. ಪಾಟೀಲರ ಮನ್ಯಾಗ ಮಕ್ಕಳಿರಲಿಲ್ಲ, ರೋಣದ ಕಡಿಂದ ತಂದರು. ನಿನಗ ಹೇಳಿರಲಿಲ್ಲೇನ?"

ಹೇಳಿರಲಿಲ್ಲ. ಅಥವಾ ಹೇಳಿದಾಗ ಪಾಟೀಲರು ತಾವೇ ಏನೋ ಮಾತಾಡುತ್ತಿದ್ದರು. ಸ್ನೇಹಲ್ ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿದೊಡನೆ ಡೊರೊತಿಗೆ ಎಲ್ಲಿಲ್ಲದ ಉತ್ಸಾಹ ಬಂದು, ಲ್ಯಾಪ್‌ಟಾಪು ತೆರೆದು, ರೋಣ ಎಂದರೆ ಎಲ್ಲಿ, ಯಾವ ಮನೆಯವರು, ಯಾವ ವರ್ಷ ಎಂದು ಕೇಳತೊಡಗಿದಳು. ರಾಬರ್ಟ್ ನಗು ತಡೆಯಲಾರದೆ ನೀರು ಕುಡಿದರು.

ಸ್ನೇಹಲ್ ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿ ತಟ್ಟೆಯಲ್ಲಿಟ್ಟಳು. ಈ ಸಲ ಇಂಗ್ಲಿಷ್ ಬೆರೆಸಲಿಲ್ಲ.

"ಅಪ್ಪಾ, ಇನ್ನೂರು ಮುನ್ನೂರು ವರ್ಷ ಹಿಂದಕ್ಕ ಹೋಗಿ ಬಂದ್ರಿ. ನೇಥನ್ ಏನ್ ಕೆಲಸಾ ಮಾಡ್ತಾನ, ನಿಮಗ ಗೊತ್ತದ ಏನ?"

ಪಾಟೀಲರು ಎಲ್ಲರ ಮುಖ ನೋಡಿದರು. ಸ್ಯಾಮ್ಯುಯೆಲ್ ಮಿಲ್ಲರ್ ಗಾಡಿಯ ಗಾಲಿ ಮಾಡುತ್ತಿದ್ದ, ಹೆನ್ರಿ ಮಿಲ್ಲರ್‌ಗೆ ಬಲಗಾಲು ಕುಂಟಿತ್ತು, ಇವೆಲ್ಲ ಬಾಯಿಪಾಠವಾಗಿತ್ತು. ಎದುರಿಗೆ ಕೂತು ತಮ್ಮ ಮನೆಯ ರೊಟ್ಟಿ ತಿನ್ನುತ್ತಿರುವ ಈ ಹುಡುಗ ಏನು ಮಾಡುತ್ತಾನೆಂದು ಗೊತ್ತಿರಲಿಲ್ಲ. ಪಾಟೀಲರು ಮೈ ತಿರುಗಿಸಿ ನೇಥನ್ ಕಡೆಗೆ ಕೂತರು.

"ನೀನು ಏನು ಕೆಲಸ ಮಾಡುತ್ತೀಯಪ್ಪಾ?"

ಭೂಕಂಪದ ಮೇಲೆ ಕೆಲಸ ಮಾಡುತ್ತೇನೆ ಎಂದ ನೇಥನ್. ನೆಲದೊಳಗಿನ ಬಿರುಕುಗಳು ಎಲ್ಲೆಲ್ಲಿ ಹಾದುಹೋಗಿವೆ, ಅವುಗಳ ಮೇಲೆ ಯಾವ ಮನೆಗಳಿವೆ ಎಂದು ನೋಡುವ ಕೆಲಸ. ಪಾಟೀಲರು ಸುಮ್ಮನೆ ಮಾತು ಮುಂದುವರಿಸಲೆಂದು, ಹಾಗಾದರೆ ನಮ್ಮ ಮನೆ ಹೇಗಿದೆ ಎಂದರು. ನೇಥನ್ ಸ್ನೇಹಲ್ ಮುಖ ನೋಡಿದ. ಮೊದಲ ಸಲ ಬಂದಾಗಲೇ ಹೇಳಬೇಕೆಂದಿದ್ದೆ, ಆದರೆ ಮಾತಿನ ನಡುವೆ ಸಂದು ಸಿಗಲಿಲ್ಲ ಎಂದು ಸಂಕೋಚದಿಂದ ಶುರುಮಾಡಿದ. ಬಿರುಕು ನಿಮ್ಮ ಹಿತ್ತಿಲಿನ ಹತ್ತಿರವೇ ಹೋಗುತ್ತದೆ. ಹಳೆಯ ಮರದ ಮನೆ, ತಳಪಾಯಕ್ಕೆ ಬೋಲ್ಟ್ ಹಾಕಿಲ್ಲ, ಸುಮ್ಮನೆ ಮೇಲೆ ಕೂತಿದೆ. ದೊಡ್ಡದಾಗಿ ನಡುಗಿದರೆ ಜಾರಿಬಿಡುತ್ತದೆ. ನೀವು ಹೂಂ ಎಂದರೆ ಶನಿವಾರ ಬಂದು ನಾನೇ ಬಿಗಿದುಕೊಡುತ್ತೇನೆ.

ಆಮೇಲೆ ಪಾಟೀಲರು ಬಹಳ ಹೊತ್ತು ಕೇಳುತ್ತಲೇ ಇದ್ದರು. ಯಾರಪ್ಪ, ಯಾರಜ್ಜ ಎಂದು ಒಂದು ಸಲವೂ ಅನ್ನಲಿಲ್ಲ. ವಿಜಯಶ್ರೀ ಎರಡು ಸಲ ಚಹಾ ಬಿಸಿಮಾಡಿದಳು.

ಶುಕ್ರವಾರ ಬಂತು, ಹೋಯಿತು. ಪಾಟೀಲರ ಫೋನಿಗೆ ಯಾವ ಫೋಟೋವೂ ಬರಲಿಲ್ಲ. ಶನಿವಾರ ಬೆಳಿಗ್ಗೆ ನೇಥನ್ ಹಳೆಯ ಬಟ್ಟೆ ಹಾಕಿಕೊಂಡು ಬಂದು ಮನೆಯ ಅಡಿಯಲ್ಲಿ, ಮರದ ನೆಲಕ್ಕೂ ಮಣ್ಣಿಗೂ ನಡುವಿನ ಕಿಂಡಿಯಲ್ಲಿ ನುಗ್ಗಿದ. ಹೊರಗೆ ಅವನ ಎರಡು ಪಾದ ಮಾತ್ರ ಕಾಣುತ್ತಿದ್ದವು. ಪಾಟೀಲರು ಮೊಣಕಾಲೂರಿ, ಮೈಯೆಲ್ಲ ಮಣ್ಣು ಮಾಡಿಕೊಂಡು, ಒಳಗೆ ಟಾರ್ಚ್ ಬಿಡುತ್ತಿದ್ದರು; ಬೋಲ್ಟ್ ಬಿಗಿಯುವ ಪಾನಾ ಹಿಂದೆ ಹುಲ್ಲಿನ ಮೇಲೆ ಬಿದ್ದಿತ್ತು. ಬೇಲಿಯ ಆ ಕಡೆಯಿಂದ ಮಧುಕರ್ ಇಣುಕಿದ. ತಡೆದುಕೊಳ್ಳಲಾಗದೆ ಈ ಕಡೆಗೇ ಬಂದು, ಆ ಪಾದಗಳನ್ನು ನೋಡುತ್ತ ದನಿ ತಗ್ಗಿಸಿ ಕೇಳಿದ.

"ಹುಡುಗ ಕೊನೆಗೂ ಯಾವ ಕಡೆಯೋರು ಅಂತ ಗೊತ್ತಾಯ್ತಾ ಸಾರ್?"

ಪಾಟೀಲರು ತಲೆ ಎತ್ತಲಿಲ್ಲ.

"ನಮ್ಮ ಕಡಿಯಾಂವ," ಎಂದರು. "ನೀವು ಬೆಳಕಿಗೆ ಅಡ್ಡ ನಿಂದರಬ್ಯಾಡ್ರಿ. ಆ ಪಾನಾ ಇಲ್ಲಿ ಕೊಡ್ರಿ."